ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ: ಪ್ರೆಸ್ಟನ್ ಊರಿನದೂ ನಮ್ಮ ಪುಣೆಯದೂ

(ನಮ್ಮ ಉಚಿತ ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಈ ಸಭೆಯಲ್ಲಿ ನಿಂತು ಮಾತನಾಡುವ ಯೋಗ್ಯತೆ ನನಗೆಷ್ಟಿದೆಯೋ ನಾನರಿಯೆ. ನಾನು ಮೆಟ್ರಿಕ್ಕಿನವರೆಗೆ ಓದಿದವನು. ಗಿರಣಿಯ ಕಚೇರಿಯಲ್ಲಿ ಹಾಜರಿ ಪುಸ್ತಕವನ್ನೂ ಪಗಾರದ ಪಟ್ಟಿಯನ್ನೂ ಬರೆಯುವ ಕಾರಕೂನ. ಸಂಜೆ ಇಲ್ಲಿಗೆ ಬಂದು ಪತ್ರಿಕೆಗಳನ್ನು ಮೇಜಿನ ಮೇಲೆ ಹರವುವುದು, ಹಳೆಯವನ್ನು ತಿಂಗಳವಾರು ಕಟ್ಟಿಡುವುದು, ಇಷ್ಟೇ ನನ್ನ ಸೇವೆ. ಹಾಗೆ ಕಟ್ಟಿಡುವಾಗ ಆಟದ ಪುಟಗಳಿಂದ ಒಂದೊಂದು ಸುದ್ದಿಯನ್ನು ಒಂದು ವಹಿಯಲ್ಲಿ ಬರೆದಿಟ್ಟುಕೊಳ್ಳುವ ಚಾಳಿ ನನಗುಂಟು. ಇಂದಿನ ಮಾತು ಆ ವಹಿಯಿಂದ ಹುಟ್ಟಿದ್ದು.

ವಿಷಯವನ್ನು ಫಲಕದ ಮೇಲೆ ಬರೆದ ದಿನ ಗೆಳೆಯರೊಬ್ಬರು ನಕ್ಕರು. "ಏನ್ರೀ ಕಾರಕೂನರ, ದಾಸರ ಪದದ ಮ್ಯಾಲೆ ಮಾತಾಡೂದು ಬಿಟ್ಟು ಹೆಂಗಸರ ಫುಟ್‌ಬಾಲೇನ್ರಿ?" ಎಂದರು. ನಾನೂ ನಕ್ಕೆ. ಆದರೆ ಈ ವಿಷಯ ನಮಗೆ ದೂರದ್ದಲ್ಲ. ಇದು ಗಿರಣಿಯ ಕಥೆ, ಪಗಾರದ ಕಥೆ. ಕಡೆಗೆ ನಮ್ಮ ನಿಮ್ಮ ಮನೆಯ ಹೆಣ್ಣುಮಕ್ಕಳ ಕಥೆ. ನನ್ನಿಂದ ಆದ ಒಂದು ತಪ್ಪೂ ಇದರಲ್ಲಿದೆ. ಅದನ್ನು ಕೊನೆಗೆ ಹೇಳುತ್ತೇನೆ.

ಮೊದಲು ನಮ್ಮ ಊರಿನದೇ ಸಂಗತಿ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಎಂಬ ಪಂದ್ಯಾವಳಿ ಆರಂಭವಾಯಿತು. ಅದರಲ್ಲಿ ಆಡಲು ಎಫ್. ಸಿ. ಪುಣೆ ಸಿಟಿ ಎಂಬ ತಂಡವನ್ನು ಕಟ್ಟಿದರು. ವಾಧವಾನ್ ಉದ್ಯಮ ಸಮೂಹದವರು ಅದರ ಒಡೆಯರು; ಸಿನಿಮಾ ನಟ ಹೃತಿಕ್ ರೋಶನ್ ಪಾಲುದಾರರು. ಆಟವೆಲ್ಲ ಬಾಲೇವಾಡಿಯ ಶಿವ ಛತ್ರಪತಿ ಕ್ರೀಡಾಂಗಣದಲ್ಲಿ, ಅಂದರೆ 1994ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಕಟ್ಟಿದ ಅದೇ ಜಾಗದಲ್ಲಿ ನಡೆಯುತ್ತಿತ್ತು. ನಮ್ಮ ಸಂಘದ ತರುಣರು ಟಿಕೀಟು ತೆಗೆಸಿ ಹೋಗಿ ಕೂಗಿ ಗಂಟಲು ಕೆಡಿಸಿಕೊಂಡು ಬಂದದ್ದು ಅನೇಕರಿಗೆ ನೆನಪಿರಬಹುದು.

ಆದರೆ ಅದೇ ಹೆಸರಿನಲ್ಲಿ ಒಂದು ಹೆಂಗಸರ ತಂಡವೂ ಇತ್ತೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನವರು ಇಂಡಿಯನ್ ವುಮೆನ್ಸ್ ಲೀಗ್ ಎಂಬ ಹೆಂಗಸರ ಲೀಗನ್ನು ಮೊಟ್ಟಮೊದಲು ನಡೆಸಿದಾಗ, 2017ರ ಜನವರಿ ಕೊನೆಗೆ ದಿಲ್ಲಿಯ ಅಂಬೇಡ್ಕರ್ ಮೈದಾನದಲ್ಲಿ ಆರು ತಂಡಗಳು ಕೂಡಿದವು. ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್, ಒಡಿಶಾದ ರೈಸಿಂಗ್ ಸ್ಟೂಡೆಂಟ್ಸ್, ಮಿಜೋರಾಮಿನ ಐಜಾಲ್, ತಮಿಳುನಾಡಿನ ಜೆಪ್ಪಿಯಾರ್ ಎಂಬ ಕಾಲೇಜಿನ ತಂಡ, ಹರಿಯಾಣದ ಅಲಖಪುರ ಎಂಬ ಒಂದು ಹಳ್ಳಿಯ ತಂಡ, ಇವುಗಳ ಜೊತೆಗೆ ಆರನೆಯದು ನಮ್ಮ ಪುಣೆಯದು. ಸೂಪರ್ ಲೀಗಿನಲ್ಲಿ ದೊಡ್ಡ ಹಣ ಹಾಕಿದ್ದ ಕ್ಲಬ್ಬುಗಳ ಪೈಕಿ ಹೆಂಗಸರ ತಂಡವನ್ನು ಅಲ್ಲಿಗೆ ಕಳಿಸಿದ್ದು ಪುಣೆಯ ಕ್ಲಬ್ಬು ಒಂದೇ. ಇದು ಸಣ್ಣ ಮಾತಲ್ಲ. ಪ್ರಶಸ್ತಿ ಮಾತ್ರ ಮಣಿಪುರದವರ ಪಾಲಾಯಿತು. ಫೆಬ್ರುವರಿ 14ರಂದು ಅವರು ಅಂತಿಮ ಪಂದ್ಯದಲ್ಲಿ ಒಡಿಶಾದವರನ್ನು 3–0ರಿಂದ ಸೋಲಿಸಿದರು.

ಆಮೇಲೆ? ಮಾರನೆಯ ವರ್ಷ ಶಿಲ್ಲಾಂಗಿನಲ್ಲಿ ಲೀಗಿನ ಅಂತಿಮ ಹಂತ ನಡೆದಾಗ ಅಲ್ಲಿ ಆಡಿದ ಏಳು ತಂಡಗಳ ಪಟ್ಟಿಯಲ್ಲಿ ಪುಣೆಯ ಹೆಸರಿರಲಿಲ್ಲ. 2019ರಲ್ಲಿ ಒಡೆಯರಿಗೆ ಹಣದ ಮುಗ್ಗಟ್ಟು ಬಂದು ಕ್ಲಬ್ಬೇ ಮುಚ್ಚಿತು. ಅದರ ಸ್ಥಾನ ಹೈದರಾಬಾದಿನ ಹೊಸ ತಂಡಕ್ಕೆ ಹೋಯಿತು. ಗಂಡಸರ ತಂಡ ಹೋದದ್ದಕ್ಕೆ ಪತ್ರಿಕೆಗಳಲ್ಲಿ ಒಂದಿಷ್ಟು ಮಾತಾಯಿತು. ಹೆಂಗಸರ ತಂಡದ ಬಗ್ಗೆ ಎರಡು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ.

ಗಿರಣಿಯ ಜನಕ್ಕೆ ಇದು ಹೊಸದಲ್ಲ. ಒಡೆಯನ ಲೆಕ್ಕ ತಪ್ಪಿದರೆ ಭೋಂಗಾ ನಿಲ್ಲುತ್ತದೆ, ಬಾಗಿಲಿಗೆ ಚೀಟಿ ಅಂಟುತ್ತದೆ, ಕೈಕಸುಬು ಕಲಿತವರು ಮನೆಗೆ ಹೋಗುತ್ತಾರೆ. ಅವರು ಕೆಲಸದಲ್ಲಿ ಏನೂ ತಪ್ಪು ಮಾಡಿರುವುದಿಲ್ಲ. ಹಾಗಾದರೆ ಒಡೆಯ ಕೈಬಿಟ್ಟ ಮೇಲೆ ಒಂದು ತಂಡ ಬದುಕುವುದು ಸಾಧ್ಯವೇ ಇಲ್ಲವೇ? ಈ ಪ್ರಶ್ನೆ ನನ್ನ ತಲೆಯಲ್ಲಿ ಕೊರೆಯುತ್ತಿದ್ದಾಗ ಇನ್ನೊಂದು ತಂಡದ ಚರಿತ್ರೆ ಓದಲು ಸಿಕ್ಕಿತು. ಅದು ನೂರು ವರ್ಷ ಹಿಂದಿನದು, ಇಂಗ್ಲೆಂಡಿನದು. ದೂರ ಕರೆದುಕೊಂಡು ಹೋಗುತ್ತಿದ್ದಾನೆ ಎನ್ನಬೇಡಿರಿ. ತಿರುಗಿ ಪುಣೆಗೇ ಬರುತ್ತೇನೆ.

ಇಂಗ್ಲೆಂಡಿನ ಲ್ಯಾಂಕಶೈರ್ ಸೀಮೆಯ ಹೆಸರು ಇಲ್ಲಿ ಕೂತ ಹಿರಿಯರಿಗೆ ಗೊತ್ತೇ ಇದೆ. ನಮ್ಮ ದೇಶದ ನೇಕಾರರ ಮಗ್ಗ ನಿಲ್ಲಿಸಿದ ಗಿರಣಿ ಬಟ್ಟೆ ಅಲ್ಲಿಂದಲೇ ಬರುತ್ತಿತ್ತು. 1931ರಲ್ಲಿ ಗಾಂಧೀಜಿಯವರು ಅದೇ ಸೀಮೆಯ ಡಾರ್ವೆನ್ ಊರಿಗೆ ಹೋದಾಗ ಗಿರಣಿಯ ಹೆಣ್ಣಾಳುಗಳು ಅವರನ್ನು ಸುತ್ತುವರಿದು ನಗುತ್ತ ನಿಂತ ಚಿತ್ರವನ್ನು ನೀವು ಪುಸ್ತಕಗಳಲ್ಲಿ ನೋಡಿರುತ್ತೀರಿ. ಆ ಸೀಮೆಯ ಇನ್ನೊಂದು ಗಿರಣಿ ಊರು ಪ್ರೆಸ್ಟನ್. ಅಲ್ಲಿ ಡಿಕ್, ಕರ್ ಎಂಬ ಕಂಪನಿಯ ಕಾರ್ಖಾನೆ ಇತ್ತು. ಟ್ರಾಮ್ ಗಾಡಿ ಮಾಡುವುದು ಅದರ ಕೆಲಸ. 1914ರಲ್ಲಿ ಮೊದಲನೆಯ ಮಹಾಯುದ್ಧ ಬಂತು. ಕಾರ್ಖಾನೆಯಲ್ಲಿ ಟ್ರಾಮಿನ ಕೆಲಸ ಹಿಂದೆ ಸರಿದು ಮದ್ದುಗುಂಡಿನ ಕೆಲಸ ಮುಂದಾಯಿತು. ಗಂಡಸರು ರಣರಂಗಕ್ಕೆ ಹೋದರು. ಯಂತ್ರಗಳ ಮುಂದೆ ಹೆಂಗಸರು ಬಂದು ನಿಂತರು.

ಚಹದ ವೇಳೆಯಲ್ಲೂ ಊಟದ ವೇಳೆಯಲ್ಲೂ ಈ ಹುಡುಗಿಯರು ಕಾರ್ಖಾನೆಯ ಅಂಗಳದಲ್ಲಿ ಕೆಲಸ ಕಲಿಯುವ ಹುಡುಗರೊಡನೆ ಚೆಂಡು ಒದೆಯತೊಡಗಿದರು. 1917ರ ಅಕ್ಟೋಬರ್ ಹೊತ್ತಿಗೆ ಕಾರ್ಖಾನೆಯ ಹುಡುಗರ ತಂಡ ಸಾಲಾಗಿ ಸೋಲುತ್ತಿತ್ತು. ಹುಡುಗಿಯರು ಅವರನ್ನು ಚೇಷ್ಟೆ ಮಾಡಿದರು. ಮಾತಿಗೆ ಮಾತು ಬೆಳೆದು ಪಂದ್ಯವೇ ಆಯಿತು. ಗ್ರೇಸ್ ಸಿಬ್ಬರ್ಟ್ ಎಂಬಾಕೆ ಈ ಹುಡುಗಿಯರ ಮುಂದಾಳು. ಅಂಗಳದ ಈ ಆಟವನ್ನು ಮೇಲಿನ ಕಚೇರಿಯ ಕಿಟಕಿಯಿಂದ ನೋಡುತ್ತಿದ್ದವನು ಆಲ್ಫ್ರೆಡ್ ಫ್ರಾಂಕ್‌ಲೆಂಡ್. ಆತ ಕಚೇರಿಯ ನೌಕರ, ನಮ್ಮ ನಿಮ್ಮ ಹಾಗೆ ಕಾಗದಪತ್ರ ನೋಡುವವನು. ಆತ ಕೆಳಗಿಳಿದು ಬಂದ. ಯುದ್ಧದಲ್ಲಿ ಗಾಯಗೊಂಡವರ ಆಸ್ಪತ್ರೆಗಾಗಿ ಒಂದು ಪಂದ್ಯ ಆಡೋಣವೇ ಎಂಬ ಮಾತಾಯಿತು. ಮೈದಾನವನ್ನು ಗೊತ್ತುಮಾಡುವುದು, ಎದುರು ತಂಡಕ್ಕೆ ಕಾಗದ ಬರೆಯುವುದು, ಟಿಕೀಟು ಅಚ್ಚು ಹಾಕಿಸುವುದು, ಬಂದ ಹಣದ ಲೆಕ್ಕ ಇಡುವುದು, ಇವೆಲ್ಲವನ್ನೂ ಫ್ರಾಂಕ್‌ಲೆಂಡ್ ವಹಿಸಿಕೊಂಡ.

1917ರ ಕ್ರಿಸ್‌ಮಸ್ ದಿನ ಪ್ರೆಸ್ಟನ್ನಿನ ಡೀಪ್‌ಡೇಲ್ ಮೈದಾನದಲ್ಲಿ ಡಿಕ್, ಕರ್ ಹುಡುಗಿಯರು ಇನ್ನೊಂದು ಕಾರ್ಖಾನೆಯ ಹುಡುಗಿಯರ ಮೇಲೆ ಆಡಿ 4–0ರಿಂದ ಗೆದ್ದರು. ನೋಡಲು ಬಂದವರು 10,000 ಜನ! ಆಸ್ಪತ್ರೆಗೆ 200 ಪೌಂಡು ಸೇರಿತು. ಹೆಂಗಸರ ಆಟ ನೋಡಲು ಯಾರು ಬರುತ್ತಾರೆ ಎಂಬ ಪ್ರಶ್ನೆಗೆ ಅಂದೇ ಉತ್ತರ ಸಿಕ್ಕಿಹೋಯಿತು.

ಯುದ್ಧ 1918ರಲ್ಲಿ ಮುಗಿಯಿತು. ಆದರೆ ತಂಡ ಮುಗಿಯಲಿಲ್ಲ. 1920ರಲ್ಲಿ ಫ್ರಾನ್ಸಿನಿಂದ ಆಲಿಸ್ ಮಿಲಿಯಾ ಎಂಬ ಮಹಿಳೆ ತಮ್ಮ ದೇಶದ ಹುಡುಗಿಯರ ತಂಡ ಕರೆದುಕೊಂಡು ಬಂದರು. ಪ್ರೆಸ್ಟನ್ನಿನಲ್ಲಿ ನಡೆದ ಮೊದಲ ಪಂದ್ಯಕ್ಕೆ 25,000 ಜನ ಕೂಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಯುದ್ಧದಿಂದ ಮರಳಿ ಕೆಲಸವಿಲ್ಲದೆ ಕೂತ ಸೈನಿಕರ ಸಹಾಯಕ್ಕಾಗಿ ರಾತ್ರಿಯ ಹೊತ್ತು ಒಂದು ಪಂದ್ಯವಿಟ್ಟರು. ಆಗ ಮೈದಾನಗಳಲ್ಲಿ ವಿದ್ಯುದ್ದೀಪವಿಲ್ಲ. ವಿಮಾನ ಹುಡುಕುವ ಎರಡು ದೊಡ್ಡ ಬೆಳಕಿನ ಯಂತ್ರಗಳನ್ನು ಸೈನ್ಯದಿಂದ ಎರವಲು ತಂದರು. ಅದಕ್ಕೆ ಅಪ್ಪಣೆ ಕೊಟ್ಟವರು ಅಂದಿನ ಯುದ್ಧಮಂತ್ರಿ ಚರ್ಚಿಲ್. ಕತ್ತಲಲ್ಲಿ ಕಾಣಲೆಂದು ಚೆಂಡಿಗೆ ಬಿಳಿ ಬಣ್ಣ ಬಳಿದು ಆಡಿದರು. 12,000 ಜನ ಬಂದರು.

ಅದಾದ ಹತ್ತು ದಿನಕ್ಕೆ, 1920ರ ಡಿಸೆಂಬರ್ 26ರಂದು, ಲಿವರ್‌ಪೂಲಿನ ಗುಡಿಸನ್ ಪಾರ್ಕ್ ಮೈದಾನದಲ್ಲಿ ಸೇಂಟ್ ಹೆಲೆನ್ಸ್ ಊರಿನ ಹುಡುಗಿಯರ ಮೇಲೆ ಪಂದ್ಯ. ಒಳಗೆ 53,000 ಜನ. ಬಾಗಿಲ ಹೊರಗೆ ಜಾಗವಿಲ್ಲದೆ ಹಿಂದಿರುಗಿದವರು ಇನ್ನೂ ಹತ್ತು ಸಾವಿರಕ್ಕೆ ಮೇಲೆ. ಒಂದೇ ದಿನದ ವಸೂಲಿ 3,115 ಪೌಂಡು. ಲೆಕ್ಕ ಬರೆಯುವವನಾದ ನನಗೆ ಈ ಅಂಕಿ ನೋಡಿ ಎದೆ ಝಲ್ಲೆಂದಿತು.

ಈ ತಂಡದ ಆಟಗಾರ್ತಿಯರಲ್ಲಿ ಒಬ್ಬಳನ್ನು ಹೆಸರಿಸದೆ ಮುಂದೆ ಹೋಗಬಾರದು. ಲಿಲಿ ಪಾರ್ 1905ರಲ್ಲಿ ಸೇಂಟ್ ಹೆಲೆನ್ಸಿನಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದವಳು. ಅಣ್ಣತಮ್ಮಂದಿರೊಡನೆ ಬೀದಿಯಲ್ಲಿ ಆಡಿ ಕಲಿತವಳು. ಹದಿನೈದು ತುಂಬುವ ಹೊತ್ತಿಗೆ ತಂಡ ಸೇರಿದಳು. ಆಳೆತ್ತರದ ಹುಡುಗಿ, ಎಡಗಾಲಿನ ಒದೆತಕ್ಕೆ ಗಂಡಸರೂ ಬೆರಗಾಗುತ್ತಿದ್ದರು. 1951ರವರೆಗೆ, ಅಂದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಡಿದಳು. ಆಕೆ ಹೊಡೆದ ಗೋಲುಗಳು ಸಾವಿರದ ಹತ್ತಿರ ಎಂದು ಹೇಳುತ್ತಾರೆ.

ಇವರಿಗೆ ಸಿಗುತ್ತಿದ್ದುದೇನು? ಪಂದ್ಯವೊಂದಕ್ಕೆ ಹತ್ತು ಶಿಲ್ಲಿಂಗು, ಅಂದರೆ ಅರ್ಧ ಪೌಂಡು. ಕೆಲಸ ಬಿಟ್ಟು ಬಂದ ದಿನದ ಪಗಾರದ ನಷ್ಟ ತುಂಬಲೆಂದು ಕೊಡುತ್ತಿದ್ದದ್ದು ಅದು. ಉಳಿದ ದಿನ ಕಾರ್ಖಾನೆಯ ಪಾಳಿ ತಪ್ಪುತ್ತಿರಲಿಲ್ಲ. ಪಾಳಿ ಮುಗಿಸಿ, ಬಂಡಿ ಹತ್ತಿ, ಪರ ಊರಿಗೆ ಹೋಗಿ ಆಡಿ, ರಾತ್ರಿ ಮರಳಿ, ಬೆಳಿಗ್ಗೆ ಮತ್ತೆ ಪಾಳಿಗೆ ನಿಲ್ಲುವುದು. 1921ರ ಒಂದೇ ವರ್ಷದಲ್ಲಿ ಹೀಗೆ 67 ಪಂದ್ಯ ಆಡಿದರು.

ಇಷ್ಟು ಏರಿದವರನ್ನು ಕೆಡವಿದ್ದು ಸೋಲಲ್ಲ, ಒಂದು ಠರಾವು. 1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಶನ್ನಿನವರು ಲಂಡನ್ನಿನಲ್ಲಿ ಕೂಡಿ, ಈ ಆಟ ಹೆಂಗಸರಿಗೆ ತಕ್ಕುದಲ್ಲ, ಇದಕ್ಕೆ ಉತ್ತೇಜನ ಕೊಡಬಾರದು ಎಂದು ಠರಾವು ಮಾಡಿದರು. ಆಡಬೇಡಿರೆಂದು ಹೆಂಗಸರಿಗೆ ಹೇಳುವ ಅಧಿಕಾರ ಅವರಿಗಿರಲಿಲ್ಲ. ಆದ್ದರಿಂದ ತಮ್ಮ ಕೈಕೆಳಗಿನ ಯಾವ ಕ್ಲಬ್ಬೂ ಹೆಂಗಸರಿಗೆ ಮೈದಾನ ಕೊಡಕೂಡದೆಂದು ಅಪ್ಪಣೆ ಮಾಡಿದರು. ಒಳ್ಳೆಯ ಮೈದಾನಗಳೆಲ್ಲ ಆ ಕ್ಲಬ್ಬುಗಳವೇ. ಆಗ ದೇಶದಲ್ಲಿ ಸುಮಾರು 150 ಹೆಂಗಸರ ತಂಡಗಳಿದ್ದವು. ಒಂದು ಕಾಗದದಿಂದ ಅವರೆಲ್ಲರ ಕಾಲ ಕೆಳಗಿನ ನೆಲ ಜಾರಿತು.

ಕಾರಣವಾಗಿ ಇನ್ನೊಂದು ಮಾತನ್ನೂ ಸೇರಿಸಿದ್ದರು: ಧರ್ಮಾರ್ಥವೆಂದು ಕೂಡಿಸಿದ ಹಣದಲ್ಲಿ ಬಹಳಷ್ಟು ಖರ್ಚಿಗೇ ಹೋಗುತ್ತಿದೆ ಎಂದು. ಸಾರ್ವಜನಿಕ ಹಣಕ್ಕೆ ಲೆಕ್ಕ ಕೇಳುವುದು ತಪ್ಪಲ್ಲ. ನಮ್ಮ ವಾಚನಾಲಯದ ಜಮಾಖರ್ಚನ್ನೂ ವರ್ಷಕ್ಕೊಮ್ಮೆ ಓದಿ ಹೇಳುತ್ತೇವೆ. ಆದರೆ ಗಂಡಸರ ಆಟಗಾರರಿಗೆ ವಾರವಾರ ಪಗಾರ ಕೊಡುವ ಕ್ಲಬ್ಬುಗಳ ಮೇಲಿನವರು, ಕೂಲಿ ಬಿಟ್ಟು ಬಂದ ಹುಡುಗಿಯ ಹತ್ತು ಶಿಲ್ಲಿಂಗಿಗೆ ತಕರಾರು ಎತ್ತಿದ್ದು ಯಾವ ನ್ಯಾಯ? ಅದೇ 1921ರಲ್ಲಿ ಗಣಿಯ ಒಡೆಯರು ಲಾಕೌಟು ಮಾಡಿದಾಗ ಹೆಂಗಸರ ತಂಡಗಳು ಗಣಿ ಕೆಲಸಗಾರರ ಹಸಿದ ಮಕ್ಕಳಿಗಾಗಿ ಆಡಿ ಹಣ ಕೂಡಿಸಿದ್ದವು. ದೊಡ್ಡವರ ಕಣ್ಣು ಕೆಂಪಾಗಲು ಇದೂ ಒಂದು ಕಾರಣವೆಂದು ಚರಿತ್ರೆ ಬರೆದವರಲ್ಲಿ ಕೆಲವರ ಅಭಿಪ್ರಾಯ.

ಈಗ ಮುಖ್ಯ ಮಾತಿಗೆ ಬಂದೆ. ಮೈದಾನ ಹೋಯಿತು, ಪ್ರೆಸ್ಟನ್ನಿನ ಹುಡುಗಿಯರು ಬಿಡಲಿಲ್ಲ. ಊರ ತೋಟಗಳಲ್ಲಿ ಆಡಿದರು, ಸಿಕ್ಕ ಬಯಲಿನಲ್ಲಿ ಆಡಿದರು. 1922ರಲ್ಲಿ ಹಡಗು ಹತ್ತಿ ಕೆನಡಾಕ್ಕೆ ಹೋದರು. ಅಲ್ಲಿನವರೂ ಬೇಡವೆಂದಾಗ ಅಮೇರಿಕಕ್ಕೆ ಇಳಿದು ಗಂಡಸರ ತಂಡಗಳ ಮೇಲೆಯೇ ಆಡಿದರು. ಕೆಲವು ಸೋತರು, ಕೆಲವು ಗೆದ್ದೂ ಬಂದರು.

ಅಷ್ಟರಲ್ಲಿ ಕಂಪನಿಯೂ ಬೇರೆಯವರ ಕೈಗೆ ಹೋಗಿ ಇಂಗ್ಲಿಷ್ ಎಲೆಕ್ಟ್ರಿಕ್ ಎಂದಾಗಿತ್ತು. ಹೊಸ ಒಡೆಯರಿಗೆ ಹೆಂಗಸರ ಆಟದಲ್ಲಿ ಮೊದಲಿನ ಆಸ್ಥೆ ಇರಲಿಲ್ಲ. ಫ್ರಾಂಕ್‌ಲೆಂಡನಿಗೂ ಅವರಿಗೂ ಸರಿಬೀಳದೆ 1926ರಲ್ಲಿ ಆತ ಹೊರಗೆ ಬಂದು ಊರಲ್ಲಿ ಅಂಗಡಿ ಇಟ್ಟುಕೊಂಡ. ಪುಣೆಯಲ್ಲಿ 2019ರಲ್ಲಿ ಆದದ್ದು ಪ್ರೆಸ್ಟನ್ನಿನಲ್ಲಿ 1926ರಲ್ಲೇ ಆಯಿತು. ಒಡೆಯ ಹೋದ. ಆದರೆ ತಂಡ ಹೋಗಲಿಲ್ಲ! ಕಂಪನಿಯ ಹೆಸರನ್ನು ಬಿಟ್ಟು ಊರಿನ ಹೆಸರನ್ನು ಇಟ್ಟುಕೊಂಡಿತು: ಪ್ರೆಸ್ಟನ್ ಲೇಡೀಸ್. ಆಟಗಾರ್ತಿಯರಲ್ಲಿ ಕೆಲವರಿಗೆ ಹತ್ತಿರದ ವಿಟಿಂಗ್‌ಹ್ಯಾಮ್ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಲಿಲಿ ಪಾರ್ ಅಲ್ಲೇ ದಾದಿಯಾಗಿ ದುಡಿದಳು. ರೋಗಿಗಳ ಸೇವೆ ಮಾಡಿ, ಬಿಡುವಿನ ದಿನ ಆಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಟ ಹಿಂದೆ ಬಿತ್ತು. ಯುದ್ಧ ಮುಗಿದ ಮೇಲೆ ಮತ್ತೆ ಕೂಡಿದರು. 1957ರಲ್ಲಿ ಫ್ರಾಂಕ್‌ಲೆಂಡ್ ತೀರಿಕೊಂಡ. ಕಾಗದಪತ್ರವೂ ಲೆಕ್ಕವೂ ಕ್ಯಾಥ್ ಲೇಥಮ್ ಎಂಬ ಮಹಿಳೆಯ ಕೈಗೆ ಬಂದವು. 1965ರವರೆಗೆ ತಂಡ ನಡೆಯಿತು. ಎಂಟುನೂರಕ್ಕೂ ಹೆಚ್ಚು ಪಂದ್ಯ ಆಡಿ, ಏಳುನೂರೈವತ್ತಕ್ಕೂ ಹೆಚ್ಚು ಗೆದ್ದಿದ್ದರು.

ಲೆಕ್ಕ ಹಾಕಿ ನೋಡಿರಿ. ಒಡೆಯನ ನೆರಳಿನಲ್ಲಿ ಆ ತಂಡ ಬದುಕಿದ್ದು ಒಂಬತ್ತು ವರ್ಷ. ಒಡೆಯನಿಲ್ಲದೆ, ದೊಡ್ಡ ಮೈದಾನವಿಲ್ಲದೆ, ದೊಡ್ಡವರ ಒಪ್ಪಿಗೆಯಿಲ್ಲದೆ ಬದುಕಿದ್ದು ಮೂವತ್ತೊಂಬತ್ತು ವರ್ಷ. ಫ್ರಾಂಕ್‌ಲೆಂಡ್ ದೇವರೇನಲ್ಲ, ಹೆಸರಿನ ಆಸೆಯೂ ಮನುಷ್ಯನಿಗೆ ಇದ್ದದ್ದೇ. ಆಡಿದವರು ಹುಡುಗಿಯರು, ಬೆವರು ಅವರದು. ಆದರೆ ಯಾರೋ ಒಬ್ಬರು ಕಾಗದ ಬರೆಯಬೇಕು, ಬಂಡಿ ಗೊತ್ತುಮಾಡಬೇಕು, ಚೆಂಡು ಹೊಲಿಸಬೇಕು, ವಹಿ ಇಡಬೇಕು. ಆ ಕೆಲಸ ನಿಲ್ಲದಿದ್ದುದರಿಂದ ಆಟ ನಿಲ್ಲಲಿಲ್ಲ. ಅಂಥ ಕೆಲಸಕ್ಕೆ ಶ್ರೀಮಂತಿಕೆ ಬೇಕಿಲ್ಲ. ಕಾರಕೂನನಿಗೆ ಬರುವ ಕೆಲಸವೇ ಅದು.

ಆ ಠರಾವು 1971ರ ಹೊತ್ತಿಗೆ ಪೂರ್ತಿ ಬಿದ್ದುಹೋಯಿತು. ಅಷ್ಟರಲ್ಲಿ ಐವತ್ತು ವರ್ಷ ಕಳೆದಿತ್ತು. ಪ್ರೆಸ್ಟನ್ನಿನ ತಂಡ ಅದನ್ನು ನೋಡಲು ಉಳಿದಿರಲಿಲ್ಲ. 2008ರಲ್ಲಿ ಆ ಅಸೋಸಿಯೇಶನ್ನು ಕ್ಷಮೆ ಕೇಳಿತು. ಲಿಲಿ ಪಾರ್‌ಳ ಪ್ರತಿಮೆಯನ್ನು 2019ರಲ್ಲಿ ಮ್ಯಾಂಚೆಸ್ಟರಿನಲ್ಲಿ ನಿಲ್ಲಿಸಿದರು. ಆಕೆ ಸತ್ತು ಆಗಲೇ ನಲವತ್ತೊಂದು ವರ್ಷ.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ಹೆಂಗಸರ ಫುಟ್‌ಬಾಲಿಗೆಂದೇ ಒಂದು ಫೆಡರೇಶನ್ ಹುಟ್ಟಿದ್ದು 1975ರಲ್ಲಿ. ಮೊದಲ ರಾಷ್ಟ್ರೀಯ ಪಂದ್ಯಾವಳಿ ಲಖನೌದಲ್ಲಿ ನಡೆಯಿತು. ಐದೇ ವರ್ಷಕ್ಕೆ, 1980ರಲ್ಲಿ ಕೇರಳದ ಕ್ಯಾಲಿಕಟ್ಟಿನಲ್ಲಿ ನಡೆದ ಏಷ್ಯಾ ಪಂದ್ಯಾವಳಿಯಲ್ಲಿ ನಮ್ಮ ಹುಡುಗಿಯರು ಎರಡನೆಯ ಸ್ಥಾನಕ್ಕೆ ಬಂದರು. 1983ರಲ್ಲಿ ಬ್ಯಾಂಕಾಕಿನಲ್ಲಿಯೂ ಎರಡನೆಯವರಾದರು. ಆ ವರ್ಷವೇ ಬಂಗಾಳದ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಬಂತು. ಫುಟ್‌ಬಾಲಿನಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಆ ಕಾಲದಲ್ಲಿ ಭಾರತದ ಗೋಲು ಕಾಯ್ದವರಲ್ಲಿ ಬೆಂಗಳೂರಿನ ಚಿತ್ರಾ ಗಂಗಾಧರನ್ ಒಬ್ಬರೆಂಬುದು ಕನ್ನಡಿಗರು ನೆನಪಿಡಬೇಕಾದ ಮಾತು. ಇಷ್ಟು ಚೆನ್ನಾಗಿ ಆಡಿದವರಿಗೂ ವರ್ಷವಿಡೀ ಆಡಿ ಹೊಟ್ಟೆ ಹೊರೆಯಲು ಒಂದು ಲೀಗು ಇರಲಿಲ್ಲ. ಅದು ಬಂದದ್ದು ನಾನು ಆಗಲೇ ಹೇಳಿದಂತೆ 2017ರಲ್ಲಿ.

ಮೊದಲ ವರ್ಷಗಳಲ್ಲಿ ಆ ಲೀಗೂ ಒಂದೇ ಊರಿನಲ್ಲಿ ಕೆಲವು ವಾರ ನಡೆದು ಮುಗಿಯುತ್ತಿತ್ತು. ಉಳಿದ ತಿಂಗಳು ಹುಡುಗಿಯರು ಏನು ತಿನ್ನಬೇಕು? 2023ರ ಕೊನೆಗೆ ಆರಂಭವಾದ ಲೀಗಿನಿಂದ ತಂಡಗಳು ಒಬ್ಬರ ಊರಿಗೊಬ್ಬರು ಹೋಗಿ ಆಡುವ ಪದ್ಧತಿ ಬಂತು. ಅದೇ ವರ್ಷ ಫೆಡರೇಶನ್ನಿನವರು ಮೇಲಿನ ಲೀಗಿನ ಕ್ಲಬ್ಬುಗಳು ಕನಿಷ್ಠ ಹತ್ತು ಜನ ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ ಕನಿಷ್ಠ 3.2 ಲಕ್ಷ ರೂಪಾಯಿ ಕೊಡುವಂತೆ ನಿರ್ಣಯಿಸಿದರು. ತಿಂಗಳಿಗೆ ಹಾಕಿದರೆ ಇಪ್ಪತ್ತಾರು ಸಾವಿರದ ಆರುನೂರು ಚಿಲ್ಲರೆ. ಇಲ್ಲಿ ಕೂತವರಲ್ಲಿ ಅನೇಕರ ಪಗಾರ ಅದಕ್ಕಿಂತ ಕಡಿಮೆ. ಆಟವೂ ಒಂದು ಕಸುಬಾಗಬಲ್ಲದು ಎಂಬುದಕ್ಕೆ ಈ ಅಂಕಿ ಸಾಕ್ಷಿ.

ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಂಬ ಹೆಂಗಸರ ತಂಡ 2023ರ ಮೇ 21ರಂದು ಅಹಮದಾಬಾದಿನಲ್ಲಿ ಲೀಗಿನ ಅಂತಿಮ ಪಂದ್ಯ ಆಡಿತು. ಕೇರಳದ ಗೋಕುಲಂ ತಂಡಕ್ಕೆ 5–0ರಿಂದ ಸೋತಿತೆನ್ನುವುದು ನಿಜ. ಆದರೆ ಕರ್ನಾಟಕದ ಹೆಸರು ಅಲ್ಲಿಯವರೆಗೆ ಹೋಯಿತಲ್ಲ! ಗಡಿಯ ಈಚೆಗೆ, ನಿಪ್ಪಾಣಿಯವರಿಗೆ ಕೂಗಳತೆಯಲ್ಲಿರುವ ಕೊಲ್ಹಾಪುರದ ಹೆಂಗಸರ ತಂಡವೂ 2019ರಲ್ಲಿ, 2020ರಲ್ಲಿ ಲೀಗಿನಲ್ಲಿ ಆಡಿತು. ಪುಣೆಯ ದೊಡ್ಡ ಕ್ಲಬ್ಬು ಮುಚ್ಚಿದ ಕಾಲದಲ್ಲಿ ಕೊಲ್ಹಾಪುರದವರು ಆಡುತ್ತಿದ್ದರು.

ಗೆದ್ದವರಿಗೂ ಕಷ್ಟ ತಪ್ಪಿಲ್ಲ. 2022ರ ಆಗಸ್ಟಿನಲ್ಲಿ ಗೋಕುಲಂ ಹುಡುಗಿಯರು ಏಷ್ಯಾದ ಕ್ಲಬ್ ಪಂದ್ಯಾವಳಿಗಾಗಿ ತಾಷ್ಕೆಂಟಿಗೆ ಹೋಗಿ ಇಳಿದಿದ್ದರು. ಅಷ್ಟರಲ್ಲಿ ನಮ್ಮ ಫೆಡರೇಶನ್ನಿನ ಆಡಳಿತದ ಜಗಳಕ್ಕಾಗಿ ಫೀಫಾ ಭಾರತವನ್ನೇ ಅಮಾನತಿನಲ್ಲಿಟ್ಟಿತು. ಹತ್ತೇ ದಿನದಲ್ಲಿ ಅಮಾನತು ತೆರವಾಯಿತು. ಆದರೆ ಆ ಹುಡುಗಿಯರು ಒಂದು ಪಂದ್ಯವನ್ನೂ ಆಡದೆ ತಿರುಗಿ ಬಂದರು. ಕುರ್ಚಿಯ ಜಗಳ ಮಾಡಿದವರು ಯಾರೋ, ದಂಡ ತೆತ್ತವರು ಯಾರೋ. 1921ರ ಕಾಗದವೂ 2022ರ ಕಾಗದವೂ ಬಿದ್ದದ್ದು ಆಡುವವರ ಕಾಲ ಮೇಲೆಯೇ.

ಇಲ್ಲಿಯವರೆಗೆ ಬೇರೆಯವರ ತಪ್ಪು ಹೇಳಿದೆ. ಈಗ ನನ್ನದು.

ಇಂಡಿ ತಾಲೂಕಿನ ನಮ್ಮ ಹಳ್ಳಿಯಿಂದ ನನ್ನ ಅಕ್ಕನ ಮಗಳು ಓದಲಿಕ್ಕೆಂದು ನಮ್ಮ ಖೋಲಿಗೆ ಬಂದಿದ್ದಾಳೆ. ಎರಡು ವರ್ಷದ ಹಿಂದೆ, ಅವಳಿಗೆ ಹನ್ನೊಂದು ತುಂಬಿದಾಗ, ಒಂದು ದಿನ ಶಾಲೆಯಿಂದ ಬಂದವಳೇ ಕೇಳಿದಳು: "ಮಾಮಾ, ವಾರದಾಗ ಮೂರು ದಿನ ಸಂಜೀಕ ಫುಟ್‌ಬಾಲ್ ಕಲಸ್ತಾರಂತ. ನನ್ನ ಹೆಸರು ಬರಕೊಂಡಾರ. ಹೋಗ್ಲಿ?" ನಾನು ಪಾಳಿ ಮುಗಿಸಿ ಬಂದು ದಣಿದಿದ್ದೆ. "ಕತ್ತಲಾಗ ಒಬ್ಬಾಕೀನ ಬರ್ತೀಯೇನು? ಊರಾಗ ನಿಮ್ಮವ್ವಗ ನಾ ಏನ್ ಹೇಳ್ಲಿ? ಬ್ಯಾಡ" ಎಂದೆ. ಅವಳು ಅಳಲಿಲ್ಲ, ಮತ್ತೆ ಕೇಳಲಿಲ್ಲ. ಮುಂದಿನ ವಾರ ಶಾಲೆಯವರು ಕೊಟ್ಟಿದ್ದ ಬೂಟುಗಳನ್ನು ತೊಳೆದು, ಒಣಗಿಸಿ, ತಿರುಗಿ ಕೊಟ್ಟು ಬಂದಳು.

ಆ ಸಂಗತಿಯನ್ನು ನಾನು ಮರೆತೇಬಿಟ್ಟಿದ್ದೆ. ಹೋದ ಮಳೆಗಾಲದಲ್ಲಿ 1921ರ ಠರಾವಿನ ಸಂಗತಿಯನ್ನು ವಹಿಯಲ್ಲಿ ಬರೆದುಕೊಳ್ಳುತ್ತ ಆ ಲಂಡನ್ನಿನವರನ್ನು ಮನಸ್ಸಿನಲ್ಲೇ ಬಯ್ಯುತ್ತಿದ್ದೆ. ಅವಳು ಎದುರಿಗೆ ಕೂತು ಲೆಕ್ಕ ಬಿಡಿಸುತ್ತಿದ್ದಳು. ಆಗ ಬೂಟಿನ ಸಂಗತಿ ನೆನಪಾಗಿ ನನ್ನ ಪೆನ್ನು ನಿಂತಿತು. ನಾನೂ ಒಂದು ಠರಾವು ಪಾಸು ಮಾಡಿದ್ದೆನಲ್ಲ! ಆಡಬೇಡ ಎಂದು ನಾನೂ ಹೇಳಿರಲಿಲ್ಲ. ಮೈದಾನಕ್ಕೆ ಹೋಗುವ ದಾರಿಯನ್ನಷ್ಟೇ ಮುಚ್ಚಿದ್ದೆ.

ಕತ್ತಲಿನ ಭಯ ಸುಳ್ಳಲ್ಲ. ಹೆಣ್ಣುಮಕ್ಕಳ ತಂದೆತಾಯಿಗಳಿಗೆ ಅದು ಚೆನ್ನಾಗಿ ಗೊತ್ತು. ಆದರೆ ಅದಕ್ಕೆ ಉಪಾಯ ಜೊತೆಗೆ ಹೋಗಿ ಬರುವುದು, ಹುಡುಗಿಯನ್ನು ಮನೆಯಲ್ಲಿ ಕೂಡಿಸುವುದಲ್ಲ. ಅವಳನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ತಡ ಆಗೇತಿ ಮಾಮಾ, ಉಳಿದವ್ರು ಭಾಳ ಮುಂದ ಹೋಗ್ಯಾರ" ಎಂದಳು. ಆದರೂ ಮಾರನೆಯ ದಿನ ಶಾಲೆಗೆ ಹೋಗಿ ಕೇಳಿಕೊಂಡೆ, ಸೇರಿಸಿಕೊಂಡರು. ಈಗ ವಾರಕ್ಕೆ ಎರಡು ದಿನ ನಾನು ಮೈದಾನದ ಕಟ್ಟೆಯ ಮೇಲೆ ಕೂತು ಪತ್ರಿಕೆ ಓದುತ್ತೇನೆ, ಆಟ ಮುಗಿದ ಮೇಲೆ ಇಬ್ಬರೂ ಬಸ್ಸು ಹತ್ತುತ್ತೇವೆ. ಮೂರನೆಯ ದಿನ ನನಗೆ ಎರಡನೆಯ ಪಾಳಿಯ ಕೆಲಸ; ಅಂದು ಅವಳು ಹೋಗುವುದಿಲ್ಲ. ಹೋದ ಎರಡು ವರ್ಷವನ್ನಂತೂ ನಾನು ಅವಳಿಗೆ ತಿರುಗಿ ಕೊಡಲಾರೆ.

ಆ ಮೂರನೆಯ ದಿನಕ್ಕಾಗಿಯೇ ಇಂದು ತಮ್ಮ ಮುಂದೆ ನಿಂತಿದ್ದೇನೆ. ಇದು ನನ್ನ ಮನೆಯೊಂದರ ಮಾತಲ್ಲ. ನಮ್ಮ ಚಾಳುಗಳಲ್ಲಿ, ಕಟ್ಟಡ ಕೆಲಸದವರ ಬಿಡಾರಗಳಲ್ಲಿ, ಎಷ್ಟೋ ಹುಡುಗಿಯರು ಓಡಬಲ್ಲವರಿದ್ದಾರೆ. ಅವರನ್ನು ಮೈದಾನಕ್ಕೆ ಮುಟ್ಟಿಸುವವರಿಲ್ಲ. ಅದಕ್ಕಾಗಿ ಮೂರು ಸಣ್ಣ ಸೂಚನೆಗಳನ್ನು ಸಭೆಯ ಮುಂದಿಡುತ್ತೇನೆ.

ಒಂದು, ವಾಚನಾಲಯದ ಮೇಜಿನ ಮೇಲೆ ಇಂದಿನಿಂದ ಒಂದು ವಹಿ ಇರುತ್ತದೆ. ಆಡಲು ಮನಸ್ಸಿರುವ ಹುಡುಗಿಯರ ಹೆಸರು ಒಂದು ಕಡೆ. ಯಾವ ಸಂಜೆ ಯಾರಿಗೆ ಬಿಡುವಿದೆ, ಯಾರು ಜೊತೆಗೆ ಹೋಗಬಲ್ಲರು ಎಂಬುದು ಇನ್ನೊಂದು ಕಡೆ. ತಾಯಂದಿರು ಮುಂದೆ ಬಂದರೆ ಇನ್ನೂ ಒಳ್ಳೆಯದು. ಎರಡು, ಹತ್ತಿರದ ಶಾಲೆಗಳ ಮೈದಾನ ರವಿವಾರ ಬೆಳಿಗ್ಗೆ ನಮ್ಮ ಮಕ್ಕಳಿಗೆ ಸಿಗುವಂತೆ ಅರ್ಜಿ ಬರೆಯುವ ಕೆಲಸ ನನಗಿರಲಿ. ಹಿರಿಯರು ಸಹಿ ಹಾಕಲಿ. ಮರಾಠಿಯಲ್ಲಿ ಬರೆಯಬೇಕಾದರೂ ಬರೆಯುತ್ತೇನೆ. ಮೂರು, ಒಂದು ಚೆಂಡು, ನಾಲ್ಕಾರು ಜೊತೆ ಬೂಟು, ಇವಕ್ಕೆ ಯಾರು ಎಷ್ಟು ಕೊಟ್ಟರೂ ಸರಿ. ಪೈಸೆ ಪೈಸೆಯ ಲೆಕ್ಕವನ್ನು ತಿಂಗಳಿಗೊಮ್ಮೆ ಇದೇ ಗೋಡೆಗೆ ಅಂಟಿಸುತ್ತೇವೆ.

ಇದರಿಂದ ನಾಳೆಯೇ ಪುಣೆಗೆ ಒಂದು ದೊಡ್ಡ ತಂಡ ಬಂದೀತೆಂದು ನಾನು ಹೇಳುವುದಿಲ್ಲ. ದೊಡ್ಡ ತಂಡ ಕಟ್ಟಲು ದೊಡ್ಡ ಹಣ ಬೇಕೇ ಬೇಕು. ಅಂಥ ಒಡೆಯರು ಬಂದರೆ ಸ್ವಾಗತವೇ. ಆದರೆ ಅವರು ಬಂದಾಗ ಆಡಬಲ್ಲ ಹುಡುಗಿಯರು ಇರಬೇಕು, ಅವರು ಹೋದಾಗ ಆಟ ನಿಲ್ಲದಂತೆ ಹಿಡಿಯುವ ಕೈಗಳು ಇರಬೇಕು. ಪ್ರೆಸ್ಟನ್ನಿನಲ್ಲಿ ಕಚೇರಿಯ ನೌಕರನೊಬ್ಬ ಕಿಟಕಿಯಿಂದ ನೋಡಿ ಕೆಳಗಿಳಿದು ಬಂದ. ನಾವೂ ಅಷ್ಟು ಮಾಡಿದರೆ ಸಾಕು.

 ತಪ್ಪಿದ್ದರೆ ತಿದ್ದಬೇಕು. ವಹಿ ಬಾಗಿಲ ಬಳಿಯ ಮೇಜಿನ ಮೇಲಿದೆ; ಹೋಗುವಾಗ ಒಂದು ಗಳಿಗೆ ನಿಂತು ಹೋಗಬೇಕೆಂದು ಬೇಡಿಕೊಂಡು ನನ್ನ ಮಾತು ಮುಗಿಸುತ್ತೇನೆ.